ಕುಂಬಳೆಯ ಹಲ್ಲಿನ ಕ್ಲಿನಿಕ್ಕಿಗೆ ಮೀನು

ಕಾಯುವವರ ಕಣ್ಣಿಗೆ ಏನಾದರೂ ಬೇಕು,
ಒಳಗಿನ ಡ್ರಿಲ್ಲು ಕಿವಿಗೆ ಬೀಳಬಾರದು,
ಎಂದು ಮೂರಡಿ ಗಾಜಿನ ಪೆಟ್ಟಿಗೆ ತರಿಸಿದರು ಡಾಕ್ಟರ್ ಬಲ್ಲಾಳ್.
ಮೀನು ನೀನೇ ತಾ,
ನಿನಗೆ ಗೊತ್ತಿರುತ್ತದಲ್ಲ, ಅಂದರು.

ಗೊತ್ತಿತ್ತು.
ಕೋಯಿಪ್ಪಾಡಿ ಕಡಪ್ಪುರದ ಮರಕಾಲ್ತಿಯ ಮಗಳು,
ಕಿವಿರು ಎತ್ತಿದರೆ ಸಾಕು, ಇಂದಿನದೋ ನಿನ್ನೆಯದೋ ಹೇಳಬಲ್ಲೆ;
ಬಂಗುಡೆಗೆ ಎಷ್ಟು ಹುಳಿ, ಕಾಣೆಗೆ ಎಷ್ಟು ಮೆಣಸು.
ಬದುಕಿರುವ ಮೀನಿನ ಸುದ್ದಿ ಮಾತ್ರ
ನಮ್ಮ ಮನೆಯಲ್ಲಿ ಯಾರೂ ಎತ್ತಿದವರಲ್ಲ.

ಬಸ್‌ಸ್ಟ್ಯಾಂಡಿನ ಹಿಂದೆ, ಮೊಬೈಲ್ ರಿಪೇರಿಯ ಪಕ್ಕ
ಮಾಹಿನಿಚ್ಚನ ಅಂಗಡಿ.
ಕತ್ತಲಲ್ಲಿ ಸಾಲು ಗಾಜು, ಗಾಜಿಗೊಂದು ದೀಪ.
ಆ ಚಿನ್ನದ ಬಣ್ಣದ್ದು ನಾಲ್ಕು, ಹುಲಿಪಟ್ಟೆಯದ್ದು ಹತ್ತು,
ಪಟದ ಹಾಗಿರುವ ಏಂಜಲ್ ಎರಡು,
ನೀಲಿ ಸೆರಗು ಎಳೆದುಕೊಂಡು ಹೋಗುತ್ತಾನಲ್ಲ, ಅವನೊಬ್ಬ...
ಜವಳಿ ಅಂಗಡಿಯಲ್ಲಿ ಕೂತ ಹಾಗೆ ಬೆರಳು ತೋರಿಸಿದೆ.

ಅವ ಬಲೆ ಎತ್ತಲಿಲ್ಲ.
"ಕ್ಲಿನಿಕ್ಕಿಗೆ ನೀರು ಯಾವ ಬಾವಿಯದ್ದು?"

"ಗುಡ್ಡೆಯದ್ದು. ಮುರಕಲ್ಲು ಕಡಿದು ಇಳಿಸಿದ್ದು."

"ಹಾಗಾದರೆ ಮೆದು ನೀರು, ಚೂರು ಹುಳಿ.
ಗಪ್ಪಿ ಸೊರಗುತ್ತದೆ, ಮೋಲಿ ನಿಲ್ಲುವುದೇ ಇಲ್ಲ.
ನಿಮ್ಮ ಕಡಪ್ಪುರದ ಬಾವಿ ಮಾರ್ಚಿಗೆ ಉಪ್ಪಾಗುತ್ತದಲ್ಲ,
ಮೋಲಿಗೆ ಅದು ತವರುಮನೆ.
ಮೊದಲು ನೀರು ಹೇಳಲಿ ತಂಗಿ, ಆಮೇಲೆ ನೀನು."

ಆಮೇಲೆ ಒಂದೊಂದಾಗಿ ಅಳಿಸಿದ:
ಚಿನ್ನದ್ದಕ್ಕೆ ಗಿಡವೆಂದರೆ ಸೊಪ್ಪಿನ ಪಲ್ಯ.
ಹುಲಿಪಟ್ಟೆ ಪಾಪದವನೇ, ಉದ್ದ ರೆಕ್ಕೆ ಕಂಡರೆ
ಬಾಯಿ ಸುಮ್ಮನಿರುವುದಿಲ್ಲ.
ಏಂಜಲ್ ಬೆಳೆಯುವ ತನಕ ಏಂಜಲ್, ಬೆಳೆದ ಮೇಲೆ
ರಾತ್ರಿಗೊಂದು ನಿಯಾನ್ ಲೆಕ್ಕಕ್ಕೆ ಸಿಗುವುದಿಲ್ಲ.
ಸೆರಗಿನವನು ಕನ್ನಡಿಯೊಡನೆಯೂ ಜಗಳ ತೆಗೆಯುವವನು.

ನನ್ನನ್ನು ನೋಡಲು ಬಂದವರೂ
ಇಷ್ಟು ವಿಚಾರಿಸಿರಲಿಲ್ಲ.

ಮೂಲೆಯಲ್ಲಿ, ಮೈಗೆ ಕೆಂಪು ಗೆರೆ ಎಳೆದುಕೊಂಡ ಒಂದು ಹಿಂಡು.
"ಇದು ನಮ್ಮ ಚಂದ್ರಗಿರಿ ಹೊಳೆಯ ಜಾತಿ," ಅಂದ,
"ಹುಟ್ಟಿದ್ದು ಸಿಂಗಾಪುರದಲ್ಲಿ, ಬಂದದ್ದು ವಿಮಾನದಲ್ಲಿ.
ನಿನ್ನ ಮೂರಡಿ ಇದಕ್ಕೆ ಸಾಲದು,
ಮುಚ್ಚಳ ಸರಿಸಿದರೆ ಹಾರುತ್ತದೆ."
ಗಾಜಿಗೆ ಮೂಗು ತಾಗಿಸಿ ನಿಂತೆ.
ಊರಿನವರಿಗೆ ನನ್ನ ಗುರುತು ಸಿಗಲಿಲ್ಲ.

ಗಿಡಗಳ ತಟ್ಟೆಯಲ್ಲಿ ರೊಟಾಲ, ಕಟ್ಟಿಗೆ ಅರುವತ್ತು.
ಬೊಂಬ್ರಾಣದ ಗದ್ದೆಯಲ್ಲಿ ಕಿತ್ತು ಬದುವಿಗೆ ಎಸೆಯುವ ಕಳೆ ಇದೇ.
ಹೇಳಲಿಲ್ಲ.
ದುಡ್ಡು ಡಾಕ್ಟರದ್ದು.

ಗಿಡ ನೆಟ್ಟು ಒಂದು ತಿಂಗಳು ಬರೀ ನೀರು.
ಕೆನ್ನೆ ಹಿಡಿದುಕೊಂಡು ಬಂದವರೆಲ್ಲ ಕೇಳಿದರು:
"ಎಲ್ಲ ಸತ್ತವಾ?"
ಆಮೇಲೆ ತಳಕ್ಕೆ ಮೀಸೆಯ ಕೋರಿ ಆರು,
ಮೇಲಕ್ಕೆ ಮುತ್ತು ಚೆಲ್ಲಿದ ಗೌರಾಮಿ ಒಂದು ಜೋಡಿ,
ನಡುವಿಗೆ ನಿಯಾನ್. "ಹದಿನಾಲ್ಕು ಒಯ್ಯಿ," ಅಂದಿದ್ದ.
ಆರು ಸಾಕೆಂದು ತಂದೆ.

ದೋಣಿ ಮೇಲೆಳೆದಿಟ್ಟ ಜೂನಿನಲ್ಲಿ
ದವಡೆ ಊದಿಸಿಕೊಂಡು ಬಂದಳು ಅಮ್ಮ.
ಸೆರಗು ಕೆನ್ನೆಗೊತ್ತಿ ಗಾಜಿನೆದುರು ಕೂತಳು.
ಮೂರು ಟೋಕನ್ ದಾಟಿದರೂ ಕಣ್ಣು ಕದಲಿಸಲಿಲ್ಲ.

"ಈ ನೀಲಿಯವು ಯಾಕೆ ಗಿಡದ ಹಿಂದಿನಿಂದ ಬರುವುದಿಲ್ಲ?"

"ನಾಚಿಕೆ," ಅಂದೆ.

"ಎಂಥ ನಾಚಿಕೆ ಮಾರಾಯ್ತಿ, ಜನ ಸಾಲದು ಅವಕ್ಕೆ.
ಬಲೆಗೆ ಐದಾರೇ ಬೂತಾಯಿ ಬಿದ್ದ ದಿನ
ನಿನ್ನ ಅಪ್ಪ ದೋಣಿ ತಿರುಗಿಸುತ್ತಿದ್ದ.
ಹಿಂದೆ ಏನೋ ದೊಡ್ಡದು ಉಂಟು ಅಂತ."

ಹಲ್ಲು ಕೀಳಿಸಿ, ಹತ್ತಿ ಕಚ್ಚಿಕೊಂಡು,
ಮಾಹಿನಿಚ್ಚನ ಅಂಗಡಿಗೆ ನನ್ನ ಜೊತೆ ಬಂದಳು.
ಎಂಟು ನಿಯಾನ್, ಪ್ಲಾಸ್ಟಿಕ್ ತೊಟ್ಟೆಯಲ್ಲಿ.
ದೀಪಕ್ಕೆ ಎತ್ತಿ ಹಿಡಿದು, ತುಟಿ ಮರಗಟ್ಟಿದ್ದರಿಂದ
ಮನಸ್ಸಿನಲ್ಲೇ ಎಣಿಸಿದಳು, ಎರಡು ಸಲ.

ಮೂವತ್ತು ವರ್ಷ ಬುಟ್ಟಿಯೆದುರು ಕೂತು
ಗಿರಾಕಿಗಳಿಗೆ ಮೇಲಿಂದ ಒಂದು ಹಾಕಿಯೇ ಕೊಟ್ಟವಳು.
ಈಗ ಒಂದು ಬೆರಳೆತ್ತಿ ಅವನ ಮುಖ ನೋಡಿದಳು.

ಅವ ನಕ್ಕು
ಬಲೆ ಇನ್ನೊಮ್ಮೆ ಅದ್ದಿದ.